ಹತ್ತಡಿ ಕೋಣೆಗೆ ಎಷ್ಟು ಬೇಸ್ ಬೇಕು?

30×40 ಸೈಟಿನ ಮನೆಗಳಲ್ಲಿ ಹಾಡು ಕೇಳುವುದಕ್ಕೆಂದು ಬಿಟ್ಟುಕೊಡುವ ಕೋಣೆ ಬಹುಪಾಲು ಒಂದೇ ಅಳತೆಯದು. 10 ಅಡಿ ಅಗಲ, 10 ಅಥವಾ 11 ಅಡಿ ಉದ್ದ, ತಾರಸಿಯೂ 10 ಅಡಿ ಎತ್ತರ. ಗೋಡೆ ಇಟ್ಟಿಗೆಯದೋ ಸಿಮೆಂಟ್ ಬ್ಲಾಕಿನದೋ, ತಲೆಯ ಮೇಲೆ ಆರ್‌ಸಿಸಿ, ಕಾಲಡಿ ವಿಟ್ರಿಫೈಡ್ ಟೈಲ್ಸ್. ಇಂಥ ಕೋಣೆಗೆ ಸ್ಪೀಕರ್ ಹುಡುಕುವವರ ಮೊದಲ ಪ್ರಶ್ನೆ, ವೂಫರ್ (ಕೆಳಗಿನ ಸ್ವರಗಳನ್ನು, ಅಂದರೆ ಬೇಸನ್ನು, ನುಡಿಸುವ ಘಟಕ) ಐದಿಂಚಿನದು ಸಾಕಾ, ಆರೂವರೆ ಇಂಚಿನದು ಬೇಕಾ ಎಂಬುದು. ಸಿಗುವ ಉತ್ತರವೂ ಗೊತ್ತಿರುವಂಥದ್ದೇ: ದುಡ್ಡು ಹೊಂದುವುದಾದರೆ ದೊಡ್ಡದೇ ಇರಲಿ. ಈ ಕೋಣೆಯ ಮಟ್ಟಿಗೆ ಆ ಉತ್ತರ ತಪ್ಪು. ಕಾಗದದ ಮೇಲೆ ಬೇಸ್ ತುಸು ಕಡಿಮೆ ಕಾಣುವ ಸ್ಪೀಕರೇ ಇಲ್ಲಿ ಸರಿಯಾಗಿ ಕೂರುತ್ತದೆ. ಯಾಕೆಂದು ತಿಳಿಯಲು ಕ್ಯಾಟಲಾಗ್ ತೆರೆಯುವ ಮೊದಲು ಅಳತೆ ಟೇಪು ಕೈಗೆತ್ತಿಕೊಳ್ಳಬೇಕು.

ಶಬ್ದ ಸೆಕೆಂಡಿಗೆ ಹೆಚ್ಚುಕಡಿಮೆ 345 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವಿನ ಅಂತರದ ಎರಡರಷ್ಟು ಉದ್ದದ ಅಲೆ ಯಾವುದೋ, ಅದು ಆ ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ. ಲೆಕ್ಕ ಸುಲಭ: 345ನ್ನು ಅಂತರದ (ಮೀಟರಿನಲ್ಲಿ) ಎರಡರಷ್ಟರಿಂದ ಭಾಗಿಸಿ. 10 ಅಡಿ ಎಂದರೆ 3.05 ಮೀಟರ್, ಬರುವ ಉತ್ತರ ಸುಮಾರು 57 ಹರ್ಟ್ಸ್, ಅಂದರೆ ಸೆಕೆಂಡಿಗೆ 57 ಕಂಪನ. 11 ಅಡಿಗೆ 51, 12 ಅಡಿಗೆ 47. ಉದ್ದ, ಅಗಲ, ಎತ್ತರ ಮೂರೂ 10 ಅಡಿಯಾದ ಕೋಣೆಯಲ್ಲಿ ಮೂರು ಜೊತೆ ಗೋಡೆಗಳೂ ಅದೇ 57 ಹರ್ಟ್ಸನ್ನು ಎತ್ತಿ ಹಿಡಿಯುತ್ತವೆ. ಅದರ ದುಪ್ಪಟ್ಟು, 113ರಲ್ಲೂ ಹಾಗೆಯೇ. ಆ ಸ್ವರ ಬಂದಾಗಲೆಲ್ಲ ಗುಂಯ್ ಎನ್ನುವ ಕೋಣೆ, ಪಕ್ಕದ ಸ್ವರಕ್ಕೆ ಬಾಯಿ ಬಿಡುವುದಿಲ್ಲ. ಕೋಣೆಯ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಘನಾಕಾರದ ಕೋಣೆ ಬಿಟ್ಟು, ಒಂದಡಿಯಾದರೂ ಹೆಚ್ಚುಕಮ್ಮಿ ಇರುವುದನ್ನು ಹಿಡಿಯಿರಿ.

ಇನ್ನೊಂದು ವಿಷಯವನ್ನು ವಿಮರ್ಶೆ ಓದುವಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದ ಗೋಡೆಗಳೇ ಹೆಚ್ಚು. ಕೆಳಗಿನ ಸ್ವರಗಳಿಗೆ ಆ ಗೋಡೆ ತಾನೂ ಅಲುಗುತ್ತದೆ, ಒಂದಷ್ಟು ಬೇಸನ್ನು ನುಂಗುತ್ತದೆ, ಒಂದಷ್ಟನ್ನು ಪಕ್ಕದ ಕೋಣೆಗೆ ದಾಟಿಸುತ್ತದೆ. ಒಂಬತ್ತು ಇಂಚಿನ ಗಾರೆ ಗೋಡೆ ಅಂಥ ಉಪಕಾರ ಮಾಡುವುದಿಲ್ಲ, ಬಂದದ್ದೆಲ್ಲವನ್ನೂ ವಾಪಸು ಕಳಿಸುತ್ತದೆ. ಹಾಗಾಗಿ ಅಲ್ಲಿನವರು 'ಬೇಸ್ ಸ್ವಲ್ಪ ತೆಳು' ಎಂದು ಬರೆದ ಸ್ಪೀಕರ್ ನಮ್ಮ ಕೋಣೆಯಲ್ಲಿ ಸಮತೋಲ ಎನಿಸುವುದು, 'ತುಂಬು ಬೇಸ್' ಎಂದು ಹೊಗಳಿಸಿಕೊಂಡದ್ದು ತಲೆನೋವಾಗುವುದು ಸಹಜ.

ನಮಗೆ ಬೇಕಾದ ಸಂಗೀತಕ್ಕೆ ಎಷ್ಟು ಕೆಳಗೆ ಇಳಿಯಬೇಕು? ಒಂದು ಮನೆ (ಹಾರ್ಮೋನಿಯಂನ ಸಿ) ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜ 65.4 ಹರ್ಟ್ಸ್. ಮೂರು ಮನೆಗೆ ಕೂಡಿಸಿದ ವೀಣೆಯ ಅನುಮಂದ್ರ ತಂತಿ ಸುಮಾರು 62. ಶಾಸ್ತ್ರೀಯ ಸಂಗೀತ ಇದಕ್ಕಿಂತ ಕೆಳಗೆ ಹೋಗುವುದು ಅಪರೂಪ. ಸಿನಿಮಾ ಹಾಡಿನ ಬೇಸ್ ಗಿಟಾರ್ 41ರವರೆಗೆ ಇಳಿಯುತ್ತದೆ, ಇತ್ತೀಚಿನ ಸಿಂಥ್ ಬೇಸ್ ಅದಕ್ಕೂ ಕೆಳಗೆ. ಧಾರವಾಡದ ಗಾಯನ ಪರಂಪರೆ, ಕಛೇರಿ ಧ್ವನಿಮುದ್ರಣ, ಭಾವಗೀತೆ, ಹಳೆಯ ಚಿತ್ರಗೀತೆ ಇಷ್ಟೇ ನಿಮ್ಮ ಪ್ರಪಂಚವಾದರೆ 60 ಹರ್ಟ್ಸ್ ತನಕ ಪ್ರಾಮಾಣಿಕವಾಗಿ ನುಡಿಯುವ ಐದಿಂಚಿನ ಸ್ಪೀಕರ್ ಸಾಕು. ಮೃದಂಗದ ಎಡಗಡೆಯ ಗುಮ್ಕಿ, ತಬಲಾದ ಡಗ್ಗಾ ಇವುಗಳ ಜಾರುವ ನಾದ ಸ್ಪಷ್ಟವಾಗಿ ಕೇಳಬೇಕೆಂದರೆ ಬೇಕಾಗಿರುವುದು ಇನ್ನಷ್ಟು ಆಳವಲ್ಲ. ಒಂದೇ ಸ್ವರದಲ್ಲಿ ಉಬ್ಬದ ಬೇಸ್.

ಈಗ ಹಳೆಯದೊಂದು ಬುದ್ಧಿಮಾತಿಗೆ ಬರೋಣ: 'ಸ್ಪೀಕರನ್ನು ಹಿಂದಿನ ಗೋಡೆಯಿಂದ ಎರಡಡಿ ಮುಂದೆ ತಂದಿಡಿ.' ದೊಡ್ಡ ಹಾಲಿನಲ್ಲಿ ಸರಿ. ಹತ್ತಡಿ ಕೋಣೆಯಲ್ಲಿ ಇದೇ ಹೆಚ್ಚು ಹಾಳು ಮಾಡುವ ಸಲಹೆ. ಕೆಳಗಿನ ಸ್ವರಗಳು ಸ್ಪೀಕರಿನ ಮುಂದಕ್ಕಷ್ಟೇ ಅಲ್ಲ, ಸುತ್ತಲೂ ಹರಡುತ್ತವೆ. ಹಿಂದಕ್ಕೆ ಹೋದದ್ದು ಗೋಡೆಗೆ ಬಡಿದು ಮರಳಿ ಮುಂದೆ ಬರುವಾಗ ನೇರ ಶಬ್ದದ ಜೊತೆ ಕೂಡುತ್ತದೆ. ಗೋಡೆಗೂ ವೂಫರಿಗೂ ನಡುವಿನ ಅಂತರ ಅಲೆಯುದ್ದದ ಕಾಲುಭಾಗವಾದರೆ ಎರಡೂ ಪರಸ್ಪರ ಅಳಿಸಿಹಾಕಿಕೊಳ್ಳುತ್ತವೆ, ಅಲ್ಲಿ ಒಂದು ಹಳ್ಳ ಬೀಳುತ್ತದೆ. 345ನ್ನು ಅಂತರದ ನಾಲ್ಕರಷ್ಟರಿಂದ ಭಾಗಿಸಿದರೆ ಆ ಹಳ್ಳ ಎಲ್ಲಿ ಎಂದು ಸಿಗುತ್ತದೆ.

66 ಸೆಂಟಿಮೀಟರಿಗೆ, ಅಂದರೆ ಎರಡಡಿ ಎರಡಿಂಚಿಗೆ, ಲೆಕ್ಕ ಮಾಡಿ ನೋಡಿ: 131 ಹರ್ಟ್ಸ್. ಒಂದು ಮನೆ ಶ್ರುತಿಯ ಮಧ್ಯ ಷಡ್ಜ ಸರಿಯಾಗಿ ಇದೇ. ಗಂಡುದನಿಯ ಆಧಾರ ಸ್ವರವನ್ನೇ ಆ 'ಎರಡಡಿ' ತೆಗೆದುಬಿಡುತ್ತದೆ. ಹಾಡುವವರ ದನಿಗೆ ಎದೆಯೇ ಇಲ್ಲದಂತೆ ಕೇಳುತ್ತದೆ, ಕೇಳಿದವರು ಆಂಪ್ಲಿಫೈಯರ್ (ಆಂಪ್) ಬದಲಿಸುತ್ತಾರೆ, ಕೇಬಲ್ ಬದಲಿಸುತ್ತಾರೆ. ಐದು ಮನೆ ಶ್ರುತಿಯ ಹೆಣ್ಣುದನಿಗೆ, 196 ಹರ್ಟ್ಸಿಗೆ, ಇದೇ ಕೆಡುಕು 44 ಸೆಂ.ಮೀ. ದೂರದಲ್ಲಿದೆ. ಹಳ್ಳವನ್ನು ಸಂಗೀತದ ಕೆಳಗೆ ತಳ್ಳಬೇಕೆಂದರೆ ಸ್ಪೀಕರನ್ನು ಒಂದೂಕಾಲು ಮೀಟರಿಗೂ ಮುಂದೆ ತರಬೇಕು. ಹತ್ತಡಿಯಲ್ಲಿ ಆಮೇಲೆ ನೀವು ಕೂರುವುದೆಲ್ಲಿ?

ಉಳಿಯುವ ದಾರಿ ಒಂದೇ, ಗೋಡೆಗೆ ಹತ್ತಿರ ಇಡುವುದು. ಸ್ಪೀಕರಿನ ಮುಖ ಗೋಡೆಯಿಂದ 33 ಸೆಂ.ಮೀ. ಇದ್ದರೆ ಹಳ್ಳ 260 ಹರ್ಟ್ಸಿಗೆ ಏರುತ್ತದೆ. ಅಷ್ಟು ಮೇಲೆ ಬಂದ ಶಬ್ದ ಹಿಂದಕ್ಕೆ ಹರಡುವುದು ಕಡಿಮೆಯಾಗುತ್ತ ಬರುತ್ತದೆ, ಮೇಲಾಗಿ ನಾಲ್ಕಿಂಚು ದಪ್ಪದ, ಕಲ್ಲಿನ ನಾರಿನಿಂದ ಮಾಡಿದ ರಾಕ್‌ವೂಲ್ ಪ್ಯಾನೆಲ್ ಅದನ್ನು ಹೀರಬಲ್ಲದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಗೋಡೆಯ ಹತ್ತಿರ ಬೇಸ್ 3ರಿಂದ 6 ಡೆಸಿಬಲ್ ಹೆಚ್ಚುತ್ತದೆ. ಮೊದಲೇ ಬೇಸ್ ತುಂಬಿಕೊಂಡು ಬಂದ ಸ್ಪೀಕರ್ ಇಲ್ಲಿ ಕೆಸರಾಗುತ್ತದೆ, ತೆಳ್ಳಗಿನದು ತುಂಬಿಕೊಳ್ಳುತ್ತದೆ. ಮೊದಲಿಗೇ ಹೇಳಿದ ಮಾತಿನ ಕಾರಣ ಇಷ್ಟೇ.

ಇದು ಹೊಸ ಜ್ಞಾನವೇನೂ ಅಲ್ಲ. 1970ರ ದಶಕದ ಆರಂಭದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಎಲ್‌ಎಸ್3/5ಎ ಎಂಬ ಪುಟ್ಟ ಮಾನಿಟರ್ (ಧ್ವನಿ ಪರೀಕ್ಷಿಸುವ ಸ್ಪೀಕರ್) ರೂಪಿಸಿದರು. ಐದು ಲೀಟರಿನ ಮುಚ್ಚಿದ ಡಬ್ಬ, ಕೆಇಎಫ್ ಕಂಪನಿಯ ಬಿ110 ವೂಫರ್, ಟಿ27 ಟ್ವೀಟರ್ (ಮೇಲಿನ ಸ್ವರಗಳ ಘಟಕ). ಆಳದ ಬೇಸ್ ಇಲ್ಲವೇ ಇಲ್ಲ. ಆದರೂ ಮಾತು ಮತ್ತು ಹಾಡುದನಿಯ ವಿಷಯದಲ್ಲಿ ಅದಕ್ಕೆ ಬಂದ ಹೆಸರು ಇವತ್ತಿಗೂ ಉಳಿದಿದೆ. ವ್ಯಾನಿನ ಇಕ್ಕಟ್ಟಿಗಾಗಿ ಆಳದ ಬೇಸನ್ನು ಬಿಟ್ಟುಕೊಟ್ಟೇ ಅದನ್ನು ಮಾಡಿದ್ದು.

ಕೋಣೆ 10×11 ಎಂದಿಟ್ಟುಕೊಂಡು ಜಾಗ ಗೊತ್ತುಮಾಡೋಣ. ಸ್ಪೀಕರುಗಳು 10 ಅಡಿಯ ಗೋಡೆಯ ಕಡೆ, ಉದ್ದಕ್ಕೆ ಮುಖ ಮಾಡಿ. ಎರಡರ ನಡುವೆ 6.5 ಅಡಿ, ಮುಖ ಗೋಡೆಯಿಂದ 33 ಸೆಂ.ಮೀ. ಕಿವಿಯಿಂದ ಎರಡೂ ಸ್ಪೀಕರಿಗೆ ಅದೇ 6.5 ಅಡಿ. ಹೀಗೆ ಇಟ್ಟರೆ ಕಿವಿ ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ (ಹಿಂಗೋಡೆಯಿಂದ) ನಾಲ್ಕಡಿಗೂ ತುಸು ಹೆಚ್ಚು ಮುಂದಿರುತ್ತದೆ. ಕೋಣೆಯ ಉದ್ದದ 38 ಪ್ರತಿಶತದ ಜಾಗ ಅದು. ನಟ್ಟನಡುವೆ ಕೂತರೆ 51 ಹರ್ಟ್ಸ್ ಮಾಯವಾಗುತ್ತದೆ, ಹಿಂಗೋಡೆಗೆ ಒರಗಿ ಕೂತರೆ ಅದೇ ಸ್ವರ ಕಿವಿಗೆ ಅಪ್ಪಳಿಸುತ್ತದೆ. ಮಂಚವೋ ದಿವಾನವೋ ಗೋಡೆಗೆ ಅಂಟಿಕೊಂಡೇ ಇರಬೇಕಾದ ಮನೆಗಳಲ್ಲಿ ಹಾಡು ಕೇಳುವ ಹೊತ್ತಿಗೆ ಒಂದು ಕುರ್ಚಿಯನ್ನು ಮುಂದೆಳೆದುಕೊಳ್ಳುವುದು ಯಾವ ಉಪಕರಣಕ್ಕಿಂತಲೂ ಅಗ್ಗದ ಸುಧಾರಣೆ.

ಇನ್ನು ಹೆಸರುಗಳು. ವಾರ್ಫ್‌ಡೇಲ್ ಡೈಮಂಡ್ 12.1 ಮತ್ತು ಕ್ಯೂ ಅಕೌಸ್ಟಿಕ್ಸ್ 3020ಐ ಎರಡೂ ಐದಿಂಚಿನ ವರ್ಗದವು, ಸಂವೇದನೆ (ಕೊಟ್ಟ ವಾಟಿಗೆ ಎಷ್ಟು ಜೋರು ಎಂಬ ಅಳತೆ) 88 ಡೆಸಿಬಲ್, ಕಂಪನಿಗಳೇ ಹೇಳುವ ಕೆಳಮಿತಿ 65 ಹರ್ಟ್ಸ್ ಆಸುಪಾಸು. ಕ್ಯಾಟಲಾಗಿನಲ್ಲಿ ಇದು ಕೊರತೆಯಂತೆ ಕಾಣುತ್ತದೆ, ಗೋಡೆ ಹತ್ತಿರದ ಜಾಗಕ್ಕೆ ಇವೇ ಒಪ್ಪುವಂಥವು. ಕೆಇಎಫ್ ಕ್ಯೂ150 ಇನ್ನೂ ಕೆಳಗೆ, 51ರವರೆಗೆ ಹೋಗುತ್ತದೆ. ಟ್ವೀಟರನ್ನು ವೂಫರಿನ ನಡುಮಧ್ಯದಲ್ಲೇ ಕೂರಿಸಿರುವುದರಿಂದ ಕಿವಿ ಮೇಲೆ ಕೆಳಗೆ ಆದರೂ ದನಿ ಕೆಡುವುದಿಲ್ಲ, ನೆಲದ ಮೇಲೆ ಕೂತು ಕೇಳುವವರಿಗೆ ಇದು ದೊಡ್ಡ ಅನುಕೂಲ. ಆದರೆ ಅದರ ಇಂಪಿಡೆನ್ಸ್ (ಆಂಪಿನ ವಿದ್ಯುತ್ತಿಗೆ ಒಡ್ಡುವ ತಡೆ) 4 ಓಮ್‌ಗಿಂತಲೂ ಕೆಳಗೆ ಜಾರುತ್ತದೆ, ಬಡಕಲು ಆಂಪ್‌ಗೆ ಕಟ್ಟಬೇಡಿ. ಎಲಾಕ್ ಡೆಬ್ಯೂ ಬಿ6.2 ಕೊಟ್ಟ ದುಡ್ಡಿಗೆ ಒಳ್ಳೆಯ ಸರಕು, ಆಂಡ್ರ್ಯೂ ಜೋನ್ಸ್ ಅವರ ವಿನ್ಯಾಸ. ಆದರೆ ಆರೂವರೆ ಇಂಚಿನ ಅದರ ವೂಫರಿಗೆ 14×16ರ ಹಾಲ್ ಇರಲಿ, ಈ ಕೋಣೆಗೆ ಅದರ ತಮ್ಮ ಬಿ5.2 ಇರಲಿ.

ಆಂಪ್ ಒಳಗೇ ಇರುವ ಆಕ್ಟಿವ್ ಮಾನಿಟರುಗಳಲ್ಲಿ ಜೆಬಿಎಲ್ 305ಪಿ ಮಾರ್ಕ್ 2 ನಮ್ಮ ಮೊದಲ ಆಯ್ಕೆ. ಅದರ ಬೆನ್ನಿನ ಮೇಲೊಂದು ಸ್ವಿಚ್ಚಿದೆ, ಗೋಡೆಯ ಹತ್ತಿರ ಇಟ್ಟಾಗ ಬೇಸನ್ನು 1.5 ಅಥವಾ 3 ಡೆಸಿಬಲ್ ಇಳಿಸಲಿಕ್ಕೆಂದೇ. ಕುಂದುಗಳೂ ಇವೆ: ಸದ್ದಿಲ್ಲದ ರಾತ್ರಿಯಲ್ಲಿ ಹತ್ತಿರ ಕೂತರೆ ಟ್ವೀಟರಿನ ಸುಯ್‌ಗುಟ್ಟುವಿಕೆ ಕೇಳುತ್ತದೆ (ಫ್ಯಾನ್ ತಿರುಗುವ ಕೋಣೆಯಲ್ಲಿ ಎರಡು ಮೀಟರ್ ದೂರಕ್ಕೆ ಅದು ಮುಟ್ಟುವುದಿಲ್ಲ), ಎರಡೆರಡು ಪ್ಲಗ್ ಪಾಯಿಂಟ್ ಬೇಕು, ಹಿಂದಿನ ವಾಲ್ಯೂಮ್ ಗುಂಡಿಗಳೆರಡನ್ನೂ ಒಂದೇ ಗೆರೆಗೆ ನಿಲ್ಲಿಸಬೇಕು. ಎಡಿಫೈಯರ್ ಆರ್1280 ಸಾಲಿನ ನಾಲ್ಕಿಂಚಿನ ಸ್ಪೀಕರುಗಳು ಮೇಜಿನ ಮೇಲೆ, ಒಂದು ಮೀಟರ್ ದೂರದಲ್ಲಿ ಕೇಳುವವರಿಗೆ. ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ಬಯಸಬಾರದು.

ಪೋರ್ಟ್ (ಡಬ್ಬದೊಳಗಿನ ಗಾಳಿ ಆಡುವ ಕೊಳವೆ) ಮುಂದಿದ್ದರೆ ಗೋಡೆಗೆ ಒತ್ತಿ ಇಡಬಹುದು, ಹಿಂದಿದ್ದರೆ ಆಗದು ಎನ್ನುವ ಮಾತು ಅರ್ಧ ನಿಜ. ಬೇಸ್ ಹೇಗೂ ಸುತ್ತಲೂ ಹರಡುವುದರಿಂದ ಗೋಡೆ ಕೊಡುವ ಉಬ್ಬು ಎರಡಕ್ಕೂ ಒಂದೇ. ಹಿಂದಿನ ಪೋರ್ಟಿಗೆ ಉಸಿರಾಡಲು ಏಳೆಂಟು ಸೆಂ.ಮೀ. ಜಾಗ ಬಿಟ್ಟರೆ ಸಾಕು. ಬೇಸ್ ಇನ್ನೂ ಹೆಚ್ಚೆನಿಸಿದರೆ ಪೋರ್ಟಿಗೆ ಫೋಮ್ ಬಿರಡೆ ಹಾಕಿ, ಕೆಲವು ಸ್ಪೀಕರುಗಳ ಪೆಟ್ಟಿಗೆಯಲ್ಲೇ ಅದು ಬರುತ್ತದೆ. ಇಲ್ಲದಿದ್ದರೆ ಹಳೆಯ ಕಾಲುಚೀಲದ ಸುರುಳಿಯೂ ಅದೇ ಕೆಲಸ ಮಾಡುತ್ತದೆ. ಆಗ ಬೇಸ್ ಥಟ್ಟನೆ ಕಡಿದುಹೋಗದೆ ಮೆಲ್ಲಗೆ ಇಳಿಯುತ್ತದೆ. ಕಿಟಕಿ ಬಾಗಿಲು ಮುಚ್ಚಿದ ಕಾಂಕ್ರೀಟ್ ಕೋಣೆ 50 ಹರ್ಟ್ಸಿನ ಕೆಳಗೆ ತಾನೇ ಒಂದಷ್ಟು ಎತ್ತಿಕೊಡುವುದರಿಂದ ಆ ಇಳಿಜಾರು ಸಮವಾಗುತ್ತದೆ.

ಕ್ಯಾಟಲಾಗಿನ ಅಂಕಿಗಳನ್ನು ಓದುವಾಗ ಪಕ್ಕದಲ್ಲಿ '±3 ಡೆಸಿಬಲ್' ಎಂದಿದೆಯೇ ನೋಡಿ, ಅಂದರೆ ಆ ಸ್ವರದ ತನಕ ಏರಿಳಿತ ಮೂರು ಡೆಸಿಬಲ್ ಮೀರದು ಎಂಬ ಮಾತು. ಅದಿಲ್ಲದ '44 ಹರ್ಟ್ಸ್'ನಿಂದ ಏನೂ ತಿಳಿಯುವುದಿಲ್ಲ. ಟೇಪ್ ರೆಕಾರ್ಡರ್ ಕಾಲದ ಪಿಎಂಪಿಒ ಎಂಬ ಉಬ್ಬಿಸಿದ ವಾಟ್‌ಗಳ ವಂಶ ಇನ್ನೂ ನಿಂತಿಲ್ಲ. ಟಿಪಿಎ3255 ಚಿಪ್ಪಿನ ಸಣ್ಣ ಕ್ಲಾಸ್-ಡಿ ಆಂಪ್‌ಗಳ ಮೇಲೆ '300 ವಾಟ್ ×2' ಎಂದು ಅಚ್ಚಾಗಿರುತ್ತದೆ, ಜೊತೆಗೆ ಕೊಟ್ಟ ಅಡಾಪ್ಟರ್ 32 ವೋಲ್ಟ್ 5 ಆಂಪಿಯರ್ ಇರುತ್ತದೆ. ಗುಣಿಸಿದರೆ 160 ವಾಟ್. ಒಳಗೆ ಹೋಗದ್ದು ಹೊರಗೆ ಹೇಗೆ ಬಂದೀತು? ಹಾಗೆಂದು ಆ ಆಂಪ್ ಕೆಟ್ಟದ್ದಲ್ಲ, 8 ಓಮ್ ಸ್ಪೀಕರಿಗೆ ಚಾನೆಲ್ಲಿಗೆ 50 ವಾಟ್ ಆಸುಪಾಸು ಕೊಡುತ್ತದೆ, ಈ ಕೋಣೆಗೆ ಅದು ಧಾರಾಳ. 86 ಡೆಸಿಬಲ್ ಸ್ಪೀಕರ್ ಜೋಡಿಗೆ ತಲಾ ಒಂದು ವಾಟ್ ಕೊಟ್ಟರೆ ಎರಡು ಮೀಟರ್ ದೂರದ ಕಿವಿಗೆ 84ರಷ್ಟು ತಲುಪುತ್ತದೆ. ತನಿ ಆವರ್ತನದ ಏಟುಗಳು 95ಕ್ಕೆ ಜಿಗಿಯುತ್ತವೆ ಎಂದುಕೊಂಡರೂ 12-13 ವಾಟ್ ಸಾಕು. ವೈರಿಗೆ 1.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ಸಾಕು: ಮೂರು ಮೀಟರ್ ಉದ್ದಕ್ಕೆ, ಹೋಗಿ ಬರುವ ಎರಡೂ ಎಳೆ ಸೇರಿ, 0.07 ಓಮ್. 6 ಓಮ್ ಸ್ಪೀಕರಿನಲ್ಲಿ ನಷ್ಟ 0.1 ಡೆಸಿಬಲ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳಿ. ಪ್ಲಸ್ ಮೈನಸ್ ಮಾತ್ರ ಜೋಪಾನ. ಒಂದು ಕಡೆ ತಿರುವುಮುರುವಾದರೆ ಬೇಸ್ ಸತ್ತು, ನಡುವೆ ನಿಲ್ಲಬೇಕಾದ ದನಿ ಕೋಣೆಯ ತುಂಬ ಚೆಲ್ಲಿಹೋಗುತ್ತದೆ.

ಸ್ಟ್ಯಾಂಡಿಗೆ ಬ್ರ್ಯಾಂಡ್ ಬೇಕಿಲ್ಲ, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ಸಾಕು. 3 ಇಂಚಿನ ಚೌಕ ಪೈಪು, ಕೆಳಗೆ 10×12 ಇಂಚಿನ 5 ಮಿ.ಮೀ. ತಗಡು, ಮೇಲೆ ಸ್ಪೀಕರಿನ ಅಡಿಗಿಂತ ಒಂದು ಸುತ್ತು ಚಿಕ್ಕ ತಗಡು. ಎತ್ತರದ ಲೆಕ್ಕ ಹೀಗೆ: ಕೂತಾಗ ನೆಲದಿಂದ ಕಿವಿಗೆ ಎಷ್ಟು, ಅದರಲ್ಲಿ ಸ್ಪೀಕರಿನ ಬುಡದಿಂದ ಟ್ವೀಟರಿಗೆ ಎಷ್ಟು ಎಂಬುದನ್ನು ಕಳೆಯಿರಿ. ಕುರ್ಚಿಯಲ್ಲಿ ಕಿವಿ 98 ಸೆಂ.ಮೀ., ಟ್ವೀಟರ್ 25 ಎಂದರೆ ಸ್ಟ್ಯಾಂಡ್ 73. ಜಮಖಾನ ಹಾಸಿ ನೆಲದ ಮೇಲೆ ಕೂರುವವರಿಗೆ 50ರ ಒಳಗೇ ಬರುತ್ತದೆ. ಈ ಅಳತೆ ತಪ್ಪಿದರೆ ವೂಫರೂ ಟ್ವೀಟರೂ ಕೂಡುವ 2ರಿಂದ 3 ಕಿಲೋಹರ್ಟ್ಸಿನಲ್ಲಿ ಕೊರೆತ ಬಿದ್ದು ಪಿಟೀಲಿನ ಕಳೆ ಹೋಗುತ್ತದೆ. ಪೈಪಿನೊಳಗೆ ಮುಕ್ಕಾಲು ಭಾಗ ಮರಳು ತುಂಬಿ, ಆದರೆ ಬಾಣಲೆಯಲ್ಲಿ ಹುರಿದು ಒಣಗಿಸಿದ ಮರಳು. ಹಸಿ ಮರಳು ಎರಡು ಮಳೆಗಾಲದಲ್ಲಿ ಪೈಪನ್ನು ಒಳಗಿಂದಲೇ ತಿಂದುಹಾಕುತ್ತದೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದನ್ನು ದಯವಿಟ್ಟು ಬಿಡಿ. ಒಂದಿಂಚಿನ ಕಪ್ಪು ಫೋಮ್ ಕೂಡ ಒಂದು ಕಿಲೋಹರ್ಟ್ಸಿನ ಮೇಲಿನದನ್ನಷ್ಟೇ ಹೀರಿ ಕೋಣೆಯನ್ನು ಮಂಕಾಗಿಸುತ್ತದೆ, ಗುಂಯ್‌ಗುಟ್ಟುವಿಕೆ ಇದ್ದಲ್ಲೇ ಇರುತ್ತದೆ. ನವಲಗುಂದದ ಜಮಖಾನ ಎಷ್ಟು ಚೆಂದವೇ ಇರಲಿ, ಅದು ತೆಳ್ಳಗಿನ ಹತ್ತಿ ನೇಯ್ಗೆ, ಟೈಲ್ಸಿನ ಚುರುಕು ಪ್ರತಿಫಲನವನ್ನು ತುಸು ತಗ್ಗಿಸೀತು, ಅಷ್ಟೇ. ಬೇಕಾಗಿರುವುದು ದಪ್ಪ. ಘನ ಮೀಟರಿಗೆ 48ರಿಂದ 64 ಕಿಲೋ ಸಾಂದ್ರತೆಯ ರಾಕ್‌ವೂಲ್ ಹಲಗೆಗಳು 1000×600 ಮಿ.ಮೀ. ಅಳತೆಯಲ್ಲಿ, 50 ಮಿ.ಮೀ. ದಪ್ಪಕ್ಕೆ ಸಿಗುತ್ತವೆ. ಎರಡನ್ನು ಒಂದರ ಮೇಲೊಂದಿಟ್ಟು ಮರದ ಚೌಕಟ್ಟಿಗೆ ಕೂರಿಸಿ, ಗಾಳಿಯಾಡುವ ಹತ್ತಿ ಬಟ್ಟೆ ಹೊದಿಸಿ. ಊದಿದರೆ ಗಾಳಿ ಆಚೆಗೆ ದಾಟಬೇಕು, ರೆಕ್ಸಿನ್ ಬೇಡ. ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ, ನಾರು ಚರ್ಮಕ್ಕೆ ಚುಚ್ಚುತ್ತದೆ. ಇಂಥ ಆರು ಪ್ಯಾನೆಲ್ ಸಾಕು: ಸ್ಪೀಕರುಗಳ ಹಿಂದೆ ಎರಡು, ಪಕ್ಕದ ಗೋಡೆಗಳಲ್ಲಿ ಒಂದೊಂದು, ತಲೆಯ ಹಿಂದೆ ಎರಡು. ಪಕ್ಕದ ಗೋಡೆಯಲ್ಲಿ ಎಲ್ಲಿ ಎಂಬುದನ್ನು ಕನ್ನಡಿಯೇ ಹೇಳುತ್ತದೆ. ನೀವು ಕೂತಿರಿ, ಇನ್ನೊಬ್ಬರು ಕನ್ನಡಿಯನ್ನು ಗೋಡೆಗುಂಟ ಸರಿಸಲಿ, ಟ್ವೀಟರ್ ಕಂಡ ಜಾಗಕ್ಕೆ ಪ್ಯಾನೆಲ್.

ಇಷ್ಟಾದರೂ 57 ಹರ್ಟ್ಸಿನ ಉಬ್ಬು ಜಗ್ಗುವುದಿಲ್ಲ. ಆರು ಮೀಟರ್ ಉದ್ದದ ಅಲೆಗೆ ನಾಲ್ಕಿಂಚು ರಾಕ್‌ವೂಲ್ ಯಾವ ಲೆಕ್ಕ? ಅದಕ್ಕೆ ಮದ್ದು, ಆಯ್ದ ಸ್ವರಗಳನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಜರ್. ಯುಎಂಐಕೆ-1ನಂಥ ಅಳತೆ ಮೈಕು, ಉಚಿತವಾಗಿ ಸಿಗುವ ರೂಮ್ ಇಕ್ಯು ವಿಝರ್ಡ್ ತಂತ್ರಾಂಶ, ಒಂದು ಸಂಜೆ. ಕಿವಿ ಇರುವ ಜಾಗದಲ್ಲಿ ಮೈಕಿಟ್ಟು, ಫ್ಯಾನ್ ಆರಿಸಿ, 20ರಿಂದ 20,000 ಹರ್ಟ್ಸ್ ತನಕ ಸ್ವೀಪ್ (ಕೆಳಗಿಂದ ಮೇಲಕ್ಕೆ ಏರುವ ಸ್ವರ) ಓಡಿಸಿ. ಮೈಕನ್ನು ಒಂದೊಂದಡಿ ಆಚೀಚೆ ಸರಿಸಿ ಇನ್ನೂ ನಾಲ್ಕೈದು ಸಲ ಓಡಿಸಿ. ಎಲ್ಲದರಲ್ಲೂ ಕಾಣಿಸಿಕೊಳ್ಳುವ ಉಬ್ಬು ಕೋಣೆಯದು, ಅದನ್ನು ಕಡಿಯಿರಿ. 250 ಹರ್ಟ್ಸಿನ ಮೇಲಕ್ಕೆ ಕೈ ಹಾಕಬೇಡಿ. ಹಳ್ಳಗಳನ್ನು ತುಂಬಲು ಹೋಗಲೇಬೇಡಿ: 10 ಡೆಸಿಬಲ್ ಎತ್ತಲು ಹತ್ತರಷ್ಟು ವಾಟ್ ಬೇಕು, ಅಷ್ಟನ್ನು ಸುರಿದರೂ ಗೋಡೆಯಿಂದ ಮರಳಿ ಬರುವ ಅಲೆ ಅಷ್ಟೇ ಜೋರಾಗಿ ಬಂದು ಅಳಿಸುತ್ತದೆ. ವಿಂಡೋಸ್ ಕಂಪ್ಯೂಟರಿನಿಂದ ಕೇಳುವವರಿಗೆ ಈಕ್ವಲೈಜರ್ ಎಪಿಒ, ರಾಸ್ಪ್‌ಬೆರಿ ಪೈ ಇಟ್ಟವರಿಗೆ ಕ್ಯಾಮಿಲ್ಲಾಡಿಎಸ್‌ಪಿ, ಎರಡೂ ಉಚಿತ.

ಅದೇ ಸ್ವೀಪನ್ನು 40ರಿಂದ 150ರ ನಡುವೆ ನಿಧಾನಕ್ಕೆ ಓಡಿಸಿದರೆ ಕೋಣೆಯೊಳಗಿನ ಕಳ್ಳರೆಲ್ಲ ಸಿಕ್ಕಿಬೀಳುತ್ತಾರೆ. ಸ್ಟೀಲ್ ಬೀರುವಿನ ಬಾಗಿಲು, ಶೋಕೇಸಿನ ಗಾಜು, ಕಿಟಕಿಯ ಕೊಂಡಿ, ಸಜ್ಜದ ಮೇಲಿಟ್ಟ ಪಾತ್ರೆ. ಬೀರುವಿನ ಮೇಲೆ ಅಂಗೈ ಒತ್ತಿದಾಗ ನಿಲ್ಲುವ ಝರಝರ ಸದ್ದನ್ನು ಎಷ್ಟೋ ಜನ ಸ್ಪೀಕರಿನ ದೋಷವೆಂದು ಅಂಗಡಿಗೆ ಹೊತ್ತೊಯ್ದಿದ್ದಾರೆ. ಹಾಡಿಲ್ಲದಾಗಲೂ ಬರುವ ಹಂ ಬೇರೆ. ಲ್ಯಾಪ್‌ಟಾಪ್ ಮತ್ತು ಆಂಪ್ ಬೇರೆ ಬೇರೆ ಸಾಕೆಟ್ಟಿನಲ್ಲಿದ್ದರೆ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ತನ್ನಿ, ಆದರೆ ಅರ್ಥ್ ಪಿನ್ ಮುರಿಯುವ ಕೆಲಸ ಬೇಡ. ಕರೆಂಟು ಹೋದಾಗ ಮಾತ್ರ ಗುರ್ ಎಂದರೆ ತಪ್ಪು ಸ್ಕ್ವೇರ್ ವೇವ್ ಇನ್ವರ್ಟರಿನದು.

50,000 ರೂಪಾಯಿ ಇದೆ ಎಂದರೆ ಅರ್ಧವನ್ನಷ್ಟೇ ಸ್ಪೀಕರಿಗಿಟ್ಟು, ಉಳಿದದ್ದನ್ನು ಆಂಪ್, ಸ್ಟ್ಯಾಂಡ್, ಪ್ಯಾನೆಲ್, ಮೈಕುಗಳಿಗೆ ಹಂಚುವುದು ನಮ್ಮ ಲೆಕ್ಕ. ಸೆಕೆಂಡ್ ಹ್ಯಾಂಡ್ ಕೊಂಡರೆ ಸ್ಪೀಕರಿನ ಪಾಲು ಇನ್ನೂ ಇಳಿಯುತ್ತದೆ. ನೋಡಲು ಹೋಗುವಾಗ ಮಲ್ಟಿಮೀಟರ್ ಜೊತೆಗಿರಲಿ: 8 ಓಮ್ ಸ್ಪೀಕರಿನ ಡಿಸಿ ರೆಸಿಸ್ಟೆನ್ಸ್ 5.5ರಿಂದ 7ರೊಳಗೆ ಇರಬೇಕು, ಎರಡೂ ಸ್ಪೀಕರುಗಳದು ಸರಿಸುಮಾರು ಒಂದೇ ಇರಬೇಕು. ವೂಫರಿನ ಕೋನನ್ನು ನಾಲ್ಕು ಬೆರಳಿಂದ ಸಮವಾಗಿ ಮೆಲ್ಲನೆ ಒತ್ತಿ ಬಿಡಿ, ಕೆರೆದ ಸದ್ದು ಬಂದರೆ ಕಾಯಿಲ್ ಸುಟ್ಟಿದೆ ಅಥವಾ ಓರೆಯಾಗಿದೆ. ಅಂಚು ಫೋಮಿನದಾದರೆ ಉಗುರು ತಾಕಿಸಿ ನೋಡಿ, ಪುಡಿ ಉದುರಿದರೆ ವಾಪಸು ಬನ್ನಿ. ಮಂಗಳೂರು ಉಡುಪಿ ಕಡೆಯ ತೇವದ ಗಾಳಿಗೆ ರಬ್ಬರ್ ಅಂಚು, ಪಾಲಿಪ್ರೊಪಿಲೀನ್ ಕೋನ್ ಇರುವುದೇ ಲೇಸು, ಎಂಡಿಎಫ್ ಡಬ್ಬದ ಬುಡ ಉಬ್ಬಿದೆಯೇ ಎಂದು ತಲೆಕೆಳಗು ಮಾಡಿ ನೋಡಿ. ಪೋರ್ಟಿನೊಳಗೆ ಟಾರ್ಚ್ ಬಿಡುವುದನ್ನೂ ಮರೆಯಬೇಡಿ. ಬಹುಕಾಲ ಸುಮ್ಮನಿದ್ದ ಸ್ಪೀಕರಿನ ಪೋರ್ಟಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು. ಮನೆಗೆ ತಂದ ಮೇಲೆ, ನುಡಿಸದ ದಿನಗಳಲ್ಲಿ ಪೋರ್ಟಿನ ಬಾಯಿಗೆ ಅದೇ ಕಾಲುಚೀಲ ತುರುಕಿಟ್ಟರೆ ಹಲ್ಲಿಯ ಕಾಟವೂ ತಪ್ಪುತ್ತದೆ.